ಹಳೆ ಪಿಕಪ್‌ನ ಏಸಿ, ಹೀಟರ್ ಕೈಕೊಟ್ಟರೆ: ಗ್ಯಾಸ್ ತುಂಬಿಸುವ ಮೊದಲು ನೋಡಬೇಕಾದ್ದು

ಏಸಿ ತಣ್ಣಗೆ ಬರುತ್ತಿಲ್ಲ ಅಂದ ಕೂಡಲೇ ನಮ್ಮ ಕಡೆ ಎಲ್ಲರೂ ಹೇಳುವುದು ಒಂದೇ ಮಾತು: 'ಗ್ಯಾಸ್ ಖಾಲಿ ಆಗೈತಿ ಅಣ್ಣಾ, ತುಂಬಿಸಿಬಿಡ್ರಿ.' ಆದರೆ ಏಸಿ ಗ್ಯಾಸ್ ಡೀಸೆಲ್‌ನಂತೆ ಉರಿದು ಮುಗಿಯುವುದಿಲ್ಲ. ಒಳಗಿರುವ ಅದೇ ಗ್ಯಾಸ್ ಕಂಪ್ರೆಸರ್ (ಗ್ಯಾಸ್ ಒತ್ತುವ ಪಂಪು), ಕಂಡೆನ್ಸರ್ (ಬಿಸಿ ಹೊರಗೆ ಚೆಲ್ಲುವ ಜಾಲ), ಕೂಲಿಂಗ್ ಕಾಯಿಲ್ (ಒಳಗಿನ ಗಾಳಿ ತಣಿಸುವ ಜಾಲ) ಅಂತ ಸುತ್ತು ಹಾಕುತ್ತಲೇ ಇರುತ್ತದೆ. ರಬ್ಬರ್ ಪೈಪುಗಳ ಮೂಲಕ ವರ್ಷಗಳಲ್ಲಿ ಚೂರುಪಾರು ಇಳಿಯುವುದು ಸಹಜ. ಯುಗಾದಿಗೆ ತುಂಬಿಸಿದ್ದು ಗಣೇಶನ ಹಬ್ಬಕ್ಕೆ ಖಾಲಿ ಆಯಿತು ಅಂದರೆ ಮಾತ್ರ ಎಲ್ಲೋ ತೂತು ಇದೆ ಅಂತಲೇ ಅರ್ಥ. ತೂತು ಮುಚ್ಚದೆ ಮತ್ತೆ ತುಂಬಿಸಿದರೆ ದುಡ್ಡು ಗಾಳಿಗೆ ಹೋಗುತ್ತದೆ.

ಇನ್ನೊಂದು ವಿಷಯ. ಹಳೆ ಗಾಡಿಯಲ್ಲಿ ಗ್ಯಾಸ್ ಸರಿಯಾಗಿದ್ದೂ ಏಸಿ ಸೋಲಲು ಬೇಕಾದಷ್ಟು ಕಾರಣಗಳಿವೆ. ಹಾಗಾಗಿ ಇಲ್ಲಿ ಗ್ಯಾಸಿನ ಮಾತು ಕೊನೆಗೆ ಬರುತ್ತದೆ. ಮೊದಲು ಗಾಳಿ, ಆಮೇಲೆ ದೂಳು, ಆಮೇಲೆ ಕರೆಂಟು, ಆಮೇಲೆ ಎಂಜಿನ್ನಿನ ಬಿಸಿನೀರು. ಈ ನಾಲ್ಕನ್ನೂ ಮನೆ ಮುಂದೆ ಗಾಡಿ ನಿಲ್ಲಿಸಿಕೊಂಡು ನೀವೇ ನೋಡಬಹುದು.

ಬೊಲೆರೊ ಕ್ಯಾಂಪರ್ ಇರಲಿ, ಟಾಟಾ ಝೆನಾನ್ ಇರಲಿ, ಕೈಯಲ್ಲಿ ತಿರುಗಿಸುವ ನಾಬ್ ಇರುವ ಯಾವ ಹಳೆ ಪಿಕಪ್‌ಗೂ ಈ ಕ್ರಮ ಹೊಂದುತ್ತದೆ. ಲಾರಿ ಡ್ರೈವರ್‌ಗಳಿಗೆ ಈಗ ಕಾನೂನೇ ಏಸಿ ಕೊಡಿಸಿದೆ: ಒಟ್ಟು ತೂಕ 3.5 ಟನ್ ದಾಟಿದ ಸರಕು ವಾಹನ 2025ರ ಅಕ್ಟೋಬರ್ 1ರ ನಂತರ ತಯಾರಾಗಿದ್ದರೆ ಏಸಿ ಕ್ಯಾಬಿನ್ ಕಡ್ಡಾಯ. ನಮ್ಮ ಹಳೆ ಪಿಕಪ್‌ಗಳಿಗೆ ಆ ಭಾಗ್ಯ ಇಲ್ಲ. ಇರುವ ಏಸಿಯನ್ನೇ ನೋಡಿಕೊಳ್ಳಬೇಕು.

ಬೇಕಾಗುವ ಸಾಮಾನು ಕಡಿಮೆ. ಒಂದು ಟಾರ್ಚ್, ಟೆಸ್ಟ್ ಲ್ಯಾಂಪ್ ಅಥವಾ ಮಲ್ಟಿಮೀಟರ್, ಮೆತ್ತನೆಯ ಬ್ರಷ್, ಸ್ಪ್ರೇ ಬಾಟಲಿಯಲ್ಲಿ ಸೋಪಿನ ನೀರು, ಒಂದು ಥರ್ಮಾಮೀಟರ್. ಜ್ವರ ನೋಡುವ ಥರ್ಮಾಮೀಟರ್ ಆಗುವುದಿಲ್ಲ, ಅದು ಸುಮಾರು 32-35 ಡಿಗ್ರಿಗಿಂತ ಕೆಳಗೆ ತೋರಿಸುವುದಿಲ್ಲ. ಅಡುಗೆಗೆ ಬಳಸುವ ಉದ್ದ ಕಡ್ಡಿಯದು ಸಾಕು.

ಬಾನೆಟ್ ಎತ್ತುವ ಮೊದಲು ಹೆಗಲ ಮೇಲಿನ ಟವೆಲ್ ತೆಗೆದಿಡಿ. ತಮಾಷೆಗೆ ಹೇಳುತ್ತಿಲ್ಲ, ತಿರುಗುವ ಫ್ಯಾನಿಗೆ, ಬೆಲ್ಟಿಗೆ ಬಟ್ಟೆ ಸಿಕ್ಕಿದರೆ ಕೈಯೂ ಜೊತೆಗೆ ಹೋಗುತ್ತದೆ. ಎಂಜಿನ್ ಬಿಸಿ ಇದ್ದಾಗ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ. ಮುಚ್ಚಿದ ಶೆಡ್ಡಿನೊಳಗೆ ಎಂಜಿನ್ ಓಡಿಸಿಕೊಂಡು ಪರೀಕ್ಷೆ ಮಾಡಬೇಡಿ.

ಯಾವಾಗ ತೊಂದರೆ ಕೊಡುತ್ತದೆ, ಅದನ್ನು ಮೊದಲು ಗಮನಿಸಿ

ಗಾಡಿಯನ್ನು ನೆರಳಿನಲ್ಲಿ ನಿಲ್ಲಿಸಿ. ಎಂಜಿನ್ ಚಾಲೂ ಮಾಡಿ, ಏಸಿ ಹಾಕಿ, ತಂಪಿನ ನಾಬ್ ಪೂರ್ತಿ ನೀಲಿ ಕಡೆ ತಿರುಗಿಸಿ. ಒಳಗಿನ ಗಾಳಿಯೇ ಸುತ್ತುವ ಹಾಗೆ ಲಿವರ್ ಇಡಿ. ಬ್ಲೋವರ್ (ಕ್ಯಾಬಿನ್ನಿಗೆ ಗಾಳಿ ತಳ್ಳುವ ಫ್ಯಾನ್) ಎರಡನೇ ಸ್ಪೀಡಿನಲ್ಲಿರಲಿ, ಕಿಟಕಿ ಮುಚ್ಚಿರಲಿ. ಯಾರಾದರೂ ಆಕ್ಸಿಲರೇಟರ್ ಸ್ವಲ್ಪ ಒತ್ತಿ ಹಿಡಿದು ಎಂಜಿನ್ನನ್ನು 1500 ಆರ್‌ಪಿಎಂ ಆಸುಪಾಸಿನಲ್ಲಿ ಇಡಲಿ. ನಡುವಿನ ವೆಂಟ್‌ನಲ್ಲಿ ಥರ್ಮಾಮೀಟರ್ ಸಿಕ್ಕಿಸಿ ಹತ್ತು ನಿಮಿಷ ಬಿಡಿ.

ಹೊರಗಿನ ಬಿಸಿಗಿಂತ ವೆಂಟಿನ ಗಾಳಿ 15ರಿಂದ 20 ಡಿಗ್ರಿ ಕಡಿಮೆ ಇದ್ದರೆ ಏಸಿ ತನ್ನ ಕೆಲಸ ಮಾಡುತ್ತಿದೆ. ಆಗಲೂ ಸೆಕೆ ಅನಿಸಿದರೆ ತಂಪು ಹೊರಗೆ ಸೋರುತ್ತಿದೆ. ಬಾಗಿಲ ರಬ್ಬರ್ ಹರಿದಿದೆಯಾ, ಗೇರ್ ಲಿವರ್ ಬುಡದ ಬೂಟ್ ಕಿತ್ತಿದೆಯಾ, ವೈರು ಒಳಗೆ ಬರುವ ತೂತಿನ ಬುಷ್ ಬಿದ್ದುಹೋಗಿದೆಯಾ ನೋಡಿ. ಹಳೆ ಪಿಕಪ್‌ನಲ್ಲಿ ಇವು ಇಲ್ಲದೆ ಇರುವುದೇ ಅಪರೂಪ.

ವ್ಯತ್ಯಾಸ ಕಡಿಮೆ ಬಂದರೆ ಮುಂದೆ ಓದಿ. ಆದರೆ ಅದಕ್ಕೂ ಮೊದಲು ಒಂದು ವಾರ ಗಮನಿಸಿ: ಹೈವೇಯಲ್ಲಿ ಹಿರಿಯೂರಿನ ತನಕ ಚೆನ್ನಾಗಿದ್ದು, ಊರೊಳಗೆ ಗಾಂಧಿ ಸರ್ಕಲ್‌ನಲ್ಲಿ ನಿಂತಾಗ ಬಿಸಿ ಆಗುತ್ತದಾ? ಅಥವಾ ಶುರುವಲ್ಲಿ ಚೆನ್ನಾಗಿದ್ದು ಒಂದು ಗಂಟೆ ಓಡಿದ ಮೇಲೆ ಗಾಳಿಯೇ ಕಡಿಮೆ ಆಗುತ್ತದಾ? ಬೆಳಿಗ್ಗೆ ಕೆಲಸ ಮಾಡಿ ಮಧ್ಯಾಹ್ನ ಪೂರ್ತಿ ನಿಲ್ಲುತ್ತದಾ? ಈ ಮೂರಕ್ಕೂ ಕಾರಣ ಬೇರೆ ಬೇರೆ. ಮೆಕ್ಯಾನಿಕ್ ಹತ್ತಿರ ಹೋದಾಗಲೂ 'ಏಸಿ ಸರಿ ಇಲ್ಲ' ಅನ್ನುವ ಬದಲು ಇಷ್ಟು ಹೇಳಿದರೆ ಅವರ ಅರ್ಧ ಕೆಲಸ ಉಳಿಯುತ್ತದೆ.

ಗಾಳಿ ಬರುತ್ತಿದೆಯಾ?

ಬ್ಲೋವರ್ ಕೊನೆಯ ಸ್ಪೀಡಿನಲ್ಲಿ ಮಾತ್ರ ತಿರುಗಿ ಉಳಿದ ಸ್ಪೀಡುಗಳಲ್ಲಿ ಸತ್ತಂತೆ ಇದ್ದರೆ ಹೆಚ್ಚು ಯೋಚನೆ ಬೇಡ, ರೆಸಿಸ್ಟರ್ ಹೋಗಿದೆ. ಕಡಿಮೆ ಸ್ಪೀಡುಗಳಿಗೆ ಕರೆಂಟು ಅದರ ಮೂಲಕ ಹೋಗುತ್ತದೆ. ಕೊನೆಯ ಸ್ಪೀಡಿಗೆ ಅದರ ಹಂಗಿಲ್ಲ. ಸಾಮಾನ್ಯವಾಗಿ ಗ್ಲೌ ಬಾಕ್ಸ್ ಹಿಂದೆ, ಬ್ಲೋವರ್ ಪಕ್ಕದಲ್ಲಿ ಎರಡು ಸ್ಕ್ರೂ ಹಾಕಿ ಕೂರಿಸಿರುತ್ತಾರೆ. ಬದಲಾಯಿಸುವಾಗ ಅದರ ಪ್ಲಗ್ ಕರಗಿದೆಯಾ ನೋಡಿ. ಪ್ಲಗ್ ಸುಟ್ಟಿದ್ದರೆ ಬ್ಲೋವರ್ ಮೋಟಾರ್ ಬಿಗಿಯಾಗಿ ಜಾಸ್ತಿ ಕರೆಂಟು ಎಳೆಯುತ್ತಿರಬಹುದು. ಆಗ ಹೊಸ ರೆಸಿಸ್ಟರ್ ಕೂಡ ಬಾಳುವುದಿಲ್ಲ.

ಯಾವ ಸ್ಪೀಡಿನಲ್ಲೂ ತಿರುಗದಿದ್ದರೆ ಫ್ಯೂಸ್, ಆಮೇಲೆ ಮೋಟಾರಿನ ಅರ್ತ್ ವೈರು. ಮೋಟಾರಿನ ಮೇಲೆ ಮೆಲ್ಲಗೆ ತಟ್ಟಿದಾಗ ತಿರುಗಿದರೆ ಒಳಗಿನ ಕಾರ್ಬನ್ ಬ್ರಷ್ ಸವೆದಿದೆ.

ಬ್ಲೋವರ್ ಜೋರಾಗಿ ಶಬ್ದ ಮಾಡುತ್ತದೆ, ಆದರೆ ಗಾಳಿ ಇಲ್ಲ. ಇದು ನಮ್ಮ ಭಾಗದ ಕಾಯಿಲೆ. ಹಳೆ ಪಿಕಪ್‌ಗಳಲ್ಲಿ ಹಲವಕ್ಕೆ ಕ್ಯಾಬಿನ್ ಫಿಲ್ಟರ್ ಇರುವುದಿಲ್ಲ, ಹಾಗಾಗಿ ಒಳಗೆ ಬಂದ ದೂಳನ್ನೆಲ್ಲ ಕೂಲಿಂಗ್ ಕಾಯಿಲ್ಲೇ ಹಿಡಿಯುತ್ತದೆ. ಕಾಯಿಲ್ ಯಾವಾಗಲೂ ಒದ್ದೆ ಇರುವುದರಿಂದ ದೂಳು ಅಂಟಿ ಕೆಸರಿನ ಪದರ ಆಗುತ್ತದೆ. ದಾವಣಗೆರೆ ಎಪಿಎಂಸಿಗೆ ಮೆಕ್ಕೆಜೋಳ ಹೊಡೆಯುವ ಗಾಡಿಗಳಲ್ಲಿ ಜೋಳದ ಸಿಪ್ಪೆ, ಚಳ್ಳಕೆರೆ ಕಡೆ ಶೇಂಗಾ ಹೊರುವ ಗಾಡಿಗಳಲ್ಲಿ ಶೇಂಗಾ ಹೊಟ್ಟು ಕೂಡ ಸೇರಿರುತ್ತದೆ. ಕಾಳಿನ ವಾಸನೆಗೆ ಇಲಿ ಬಂದು ಬ್ಲೋವರ್ ಬಾಯಲ್ಲಿ ಗೂಡು ಕಟ್ಟುವುದೂ ಉಂಟು.

ಗ್ಲೌ ಬಾಕ್ಸ್ ಬಿಚ್ಚಿ, ಬ್ಲೋವರ್ ಇಳಿಸಿ, ಆ ತೂತಿನಿಂದ ಟಾರ್ಚ್ ಬಿಟ್ಟು ನೋಡಿ. ಒಣಗಿದ ಕಸವನ್ನು ಮೊದಲು ಬ್ರಷ್‌ನಿಂದ ಅಥವಾ ವ್ಯಾಕ್ಯೂಮ್ ಕ್ಲೀನರ್‌ನಿಂದ ತೆಗೆಯಿರಿ. ಆಮೇಲೆ ಏಸಿ ಕಾಯಿಲ್‌ಗೆ ಸಿಗುವ ನೊರೆ ಕ್ಲೀನರ್ ಹೊಡೆದು ಬಿಡಿ, ಅದು ಕರಗಿ ಕೆಳಗಿನ ಪೈಪಿನಿಂದ ಹೊರಗೆ ಹೋಗುತ್ತದೆ. ವಾಟರ್ ವಾಶ್ ಗನ್ ಹಿಡಿಯಬೇಡಿ, ಅಲ್ಯೂಮಿನಿಯಂ ರೆಕ್ಕೆಗಳು ಮಡಚಿಹೋಗುತ್ತವೆ.

ಕಂಡೆನ್ಸರ್: ಅರ್ಧ ದೂರು ಇಲ್ಲೇ ಮುಗಿಯುತ್ತದೆ

ಕ್ಯಾಬಿನ್ನಿನ ಬಿಸಿಯನ್ನು ಹೊರಗೆ ಚೆಲ್ಲುವ ಭಾಗ ಇದು. ರೇಡಿಯೇಟರ್ ಮುಂದೆ, ಗ್ರಿಲ್ ಹಿಂದೆ ನಿಂತಿರುತ್ತದೆ. ಇದಕ್ಕೆ ಗಾಳಿ ಸಿಗದಿದ್ದರೆ ಎಷ್ಟು ಗ್ಯಾಸ್ ಇದ್ದರೂ ಪ್ರಯೋಜನ ಇಲ್ಲ. ಓಡುವಾಗ ತಣ್ಣಗಿದ್ದು ನಿಂತಾಗ ಬಿಸಿ ಆಗುವ ಗಾಡಿಯ ತೊಂದರೆ ಹೆಚ್ಚಿನ ಸಲ ಇಲ್ಲೇ ಇರುತ್ತದೆ.

ಮೊದಲು ಗ್ರಿಲ್ ಮುಂದೆ ನೀವೇ ಏನು ಕಟ್ಟಿದ್ದೀರಿ ನೋಡಿ. ದೊಡ್ಡ ಬಂಪರ್ ಗಾರ್ಡ್, ಜೋಡಿ ಹಾರ್ನ್, ನಾಲ್ಕು ಫಾಗ್ ಲೈಟ್, ಸೊಳ್ಳೆ ಪರದೆಯಂಥ ಜಾಲರಿ. ಆಯುಧ ಪೂಜೆಯ ಹಾರ ಒಣಗಿ ದೀಪಾವಳಿ ತನಕ ಅಲ್ಲೇ ನೇತಾಡುವ ಗಾಡಿಗಳೂ ಇವೆ. ಭಕ್ತಿ ಇರಲಿ, ಹಾರವನ್ನು ಮಾರನೇ ದಿನ ತೆಗೆಯಿರಿ.

ಆಮೇಲೆ ಟಾರ್ಚನ್ನು ಎಂಜಿನ್ ಕಡೆಯಿಂದ ಬಿಟ್ಟು ಮುಂದೆ ನಿಂತು ನೋಡಿ. ಬೆಳಕು ಕಂಡೆನ್ಸರ್ ದಾಟಿ ಬರಬೇಕು. ಬರದಿದ್ದರೆ ಕಂಡೆನ್ಸರ್‌ಗೂ ರೇಡಿಯೇಟರ್‌ಗೂ ನಡುವಿನ ಸಂದಿಯಲ್ಲಿ ಕಸ ತುಂಬಿದೆ. ಮುಂದಿನಿಂದ ನೋಡಿದರೆ ಕಂಡೆನ್ಸರ್ ಚೆನ್ನಾಗಿಯೇ ಕಾಣುತ್ತದೆ, ಈ ಸಂದಿ ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ತೊಳೆಯುವಾಗ ಸಾಧ್ಯವಾದರೆ ಒಳಗಿನಿಂದ ಹೊರಕ್ಕೆ, ಸಾದಾ ನಲ್ಲಿ ಪೈಪಿನ ನೀರು ಬಿಡಿ. ಕಸ ಬಂದ ದಾರಿಯಲ್ಲೇ ವಾಪಸ್ ಹೋಗಬೇಕು ಅಲ್ವಾ? ಮುಂದಿನಿಂದ ಜೋರಾಗಿ ಹೊಡೆದರೆ ಅದು ಇನ್ನೂ ಒಳಗೆ ಹೋಗಿ ಕೂರುತ್ತದೆ. ಮಡಚಿದ ರೆಕ್ಕೆಗಳನ್ನು ನೆಟ್ಟಗೆ ಮಾಡಲು ಸಣ್ಣ ಬಾಚಣಿಗೆಯಂಥ ಫಿನ್ ಕೋಂಬ್ ಸಿಗುತ್ತದೆ.

ಈಗ ಫ್ಯಾನ್. ಏಸಿ ಹಾಕಿದಾಗ ಕಂಡೆನ್ಸರ್ ಮುಂದಿನ ಎಲೆಕ್ಟ್ರಿಕ್ ಫ್ಯಾನ್ ತಿರುಗಬೇಕು. ಕೆಲವು ಗಾಡಿಗಳಲ್ಲಿ ಪ್ರೆಶರ್ ಏರಿದ ಮೇಲೆ ತಿರುಗುತ್ತದೆ, ಒಂದೆರಡು ನಿಮಿಷ ಕಾಯಿರಿ. ತಿರುಗದಿದ್ದರೆ ಫ್ಯೂಸ್, ರಿಲೇ (ಫ್ಯಾನಿಗೆ ಕರೆಂಟು ಬಿಡುವ ಸಣ್ಣ ಸ್ವಿಚ್ ಡಬ್ಬಿ), ಫ್ಯಾನಿನ ಪ್ಲಗ್ ಈ ಕ್ರಮದಲ್ಲಿ ನೋಡಿ. ಪಕ್ಕದಲ್ಲಿ ಅದೇ ಥರದ ಇನ್ನೊಂದು ರಿಲೇ ಇದ್ದರೆ ಅದಲು ಬದಲು ಮಾಡಿ ನೋಡುವುದು ಸುಲಭದ ಪರೀಕ್ಷೆ.

ಎಂಜಿನ್ನಿನದೇ ಫ್ಯಾನ್ ಇರುವ ಡೀಸೆಲ್ ಗಾಡಿಗಳಲ್ಲಿ ನಡುವೆ, ಬಿಸಿಯಾದಾಗ ಫ್ಯಾನನ್ನು ಬಿಗಿಯಾಗಿ ಹಿಡಿಯುವ ವಿಸ್ಕಸ್ ಕಪ್ಲಿಂಗ್ ಇರುತ್ತದೆ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಆಫ್ ಮಾಡಿ, ಕೀ ಕೈಯಲ್ಲಿಟ್ಟುಕೊಂಡು, ಫ್ಯಾನನ್ನು ಕೈಯಿಂದ ತಿರುಗಿಸಿ. ಬಿಗಿಯಾಗಿ ತಡೆಯಬೇಕು. ಸಲೀಸಾಗಿ ಎರಡು ಮೂರು ಸುತ್ತು ತಿರುಗಿದರೆ ಕಪ್ಲಿಂಗ್ ಸೋತಿದೆ. ಆಗ ಏಸಿ ಒಂದೇ ಅಲ್ಲ, ಎಂಜಿನ್ನಿಗೂ ಅಪಾಯ. ಲೋಡ್ ಹಾಕಿಕೊಂಡು ಘಾಟಿ ಹತ್ತುವಾಗ ಟೆಂಪರೇಚರ್ ಮುಳ್ಳು ಏರುತ್ತದೆ.

ಇಷ್ಟಾದರೂ ಅನುಮಾನ ಉಳಿದರೆ ಒಂದು ಪರೀಕ್ಷೆ ಇದೆ. ಏಸಿ ಓಡುತ್ತಿರುವಾಗ, ಮುಂದೆ ನಿಂತು, ಒಂದು ಮಗ್ಗಿನಿಂದ ಕಂಡೆನ್ಸರ್ ಮೇಲೆ ನಿಧಾನ ನೀರು ಹಾಕಿ. ಎರಡು ನಿಮಿಷದಲ್ಲಿ ಒಳಗಿನ ಗಾಳಿ ಚೆನ್ನಾಗಿ ತಣ್ಣಗಾದರೆ ನಿಮ್ಮ ಗ್ಯಾಸ್ ಇರಬೇಕಾದಷ್ಟು ಇದೆ, ಕಂಡೆನ್ಸರ್‌ಗೆ ಗಾಳಿ ಸಾಲುತ್ತಿಲ್ಲ. ನೀರು ಹಾಕಿದರೂ ಏನೂ ಬದಲಾಗದಿದ್ದರೆ ಮುಂದಕ್ಕೆ ಹೋಗಿ.

'ಟಕ್' ಶಬ್ದ

ಏಸಿ ಸ್ವಿಚ್ ಒತ್ತಿದಾಗ ಕಂಪ್ರೆಸರ್ ಕಡೆಯಿಂದ 'ಟಕ್' ಅನ್ನಬೇಕು, ಎಂಜಿನ್ ಸ್ವರ ಸ್ವಲ್ಪ ಬಗ್ಗಬೇಕು. ಅದು ಬೆಲ್ಟಿನ ಪುಲ್ಲಿಯನ್ನು ಕಂಪ್ರೆಸರಿಗೆ ಜೋಡಿಸುವ ಮ್ಯಾಗ್ನೆಟ್ ಕ್ಲಚ್ ಕಚ್ಚಿಕೊಂಡ ಶಬ್ದ. ಬೆಲ್ಟಿನ ಪುಲ್ಲಿ ಯಾವಾಗಲೂ ತಿರುಗುತ್ತಿರುತ್ತದೆ, ಅದನ್ನು ನೋಡಿ ಕಂಪ್ರೆಸರ್ ಓಡುತ್ತಿದೆ ಅಂದುಕೊಳ್ಳಬೇಡಿ. ಪುಲ್ಲಿಯ ಮುಂದಿನ ತಟ್ಟೆ ತಿರುಗುತ್ತಿದೆಯಾ ನೋಡಬೇಕು.

ಶಬ್ದವೇ ಇಲ್ಲದಿದ್ದರೆ ಫ್ಯೂಸ್, ರಿಲೇ ನೋಡಿ, ಆಮೇಲೆ ಕ್ಲಚ್ ವೈರಿಗೆ ಟೆಸ್ಟ್ ಲ್ಯಾಂಪ್ ಹಿಡಿಯಿರಿ. ಅಲ್ಲಿ 12 ವೋಲ್ಟ್ ಬರುತ್ತಿದ್ದೂ ಕ್ಲಚ್ ಎಳೆಯದಿದ್ದರೆ ಕ್ಲಚ್ಚಿನೊಳಗಿನ ತಂತಿ ಸುರುಳಿಯನ್ನು (ಕ್ಲಚ್ ಕಾಯಿಲ್) ಮಲ್ಟಿಮೀಟರ್‌ನಲ್ಲಿ ಅಳೆಯಿರಿ. ಸಾಮಾನ್ಯವಾಗಿ 3ರಿಂದ 5 ಓಮ್ ಇರುತ್ತದೆ. ಮೀಟರ್ ಏನೂ ತೋರಿಸದಿದ್ದರೆ ಕಾಯಿಲ್ ತುಂಡಾಗಿದೆ. ಕರೆಂಟೇ ಬರುತ್ತಿಲ್ಲ ಅಂದರೆ ಹಿಂದೆ ಹೋಗಿ: ಸ್ವಿಚ್, ಕೂಲಿಂಗ್ ಕಾಯಿಲ್ ಬಳಿಯ ಥರ್ಮೋಸ್ಟಾಟ್, ಪ್ರೆಶರ್ ಸ್ವಿಚ್. ಗ್ಯಾಸ್ ಪೂರ್ತಿ ಇಳಿದಿದ್ದರೆ ಕಂಪ್ರೆಸರ್ ಒಣಗಿ ಓಡಬಾರದು ಅಂತ ಪ್ರೆಶರ್ ಸ್ವಿಚ್ ತಾನೇ ಕರೆಂಟು ಕಡಿಯುತ್ತದೆ. ಕೆಲವರು ಇದಕ್ಕೆ ವೈರು ಸುತ್ತಿ ನೇರ ಕರೆಂಟು ಕೊಟ್ಟುಬಿಡುತ್ತಾರೆ. ಬೇಡ. ಗ್ಯಾಸಿನ ಜೊತೆಗೇ ಎಣ್ಣೆ ಸುತ್ತುವುದರಿಂದ, ಗ್ಯಾಸ್ ಇಲ್ಲದೆ ಓಡಿದ ಕಂಪ್ರೆಸರ್ ಜಾಮ್ ಆಗುತ್ತದೆ. ಅದು ಪುಡಿ ಉದುರಿಸಿದರೆ ಕಂಡೆನ್ಸರ್, ಪೈಪು ಎಲ್ಲ ತೊಳೆಸಬೇಕು ಅಥವಾ ಬದಲಾಯಿಸಬೇಕು.

ಬೆಳಿಗ್ಗೆ ಕೆಲಸ ಮಾಡಿ ಮಧ್ಯಾಹ್ನ ನಿಲ್ಲುವ ಗಾಡಿಯಲ್ಲಿ ಕ್ಲಚ್‌ನ ಸಂದು ಅಳೆಯಿರಿ. ತಟ್ಟೆಗೂ ಪುಲ್ಲಿಗೂ ನಡುವೆ ಸಾಮಾನ್ಯವಾಗಿ 0.3ರಿಂದ 0.6 ಮಿಲಿಮೀಟರ್ ಇರಬೇಕು. ವರ್ಷಗಳಲ್ಲಿ ಸವೆದು ಸಂದು ದೊಡ್ಡದಾಗುತ್ತದೆ. ಕ್ಲಚ್ ಕಾಯಿಲ್ ಬಿಸಿಯಾದಾಗ ಅದರ ಎಳೆಯುವ ಶಕ್ತಿ ಕಡಿಮೆಯಾಗಿ, ಆ ದೂರವನ್ನು ಎಳೆಯಲಾರದೆ ಸೋಲುತ್ತದೆ. ಒಳಗಿನ ತೆಳು ವಾಷರ್ ಒಂದನ್ನು ತೆಗೆದರೆ ಸಂದು ಸರಿಹೋಗುತ್ತದೆ. ಇಷ್ಟಕ್ಕೇ 'ಕಂಪ್ರೆಸರ್ ಹೋಗಿದೆ' ಅಂತ ಬದಲಾಯಿಸಿದ ಗಾಡಿಗಳು ಇವೆ. ಕಂಪ್ರೆಸರ್ ಬದಲಾಯಿಸಬೇಕು ಅಂತ ಯಾರಾದರೂ ಹೇಳಿದರೆ, 'ಕ್ಲಚ್ ಗ್ಯಾಪ್ ನೋಡಿದ್ರಾ ಅಣ್ಣಾ?' ಅಂತ ಒಂದು ಮಾತು ಕೇಳಿ.

ಕ್ಲಚ್ ಕೆಲವೇ ಸೆಕೆಂಡಿಗೊಮ್ಮೆ ಕಚ್ಚಿ ಬಿಡುತ್ತಿದ್ದರೆ ಎರಡು ಸಾಧ್ಯತೆ: ಗ್ಯಾಸ್ ಕಡಿಮೆ, ಅಥವಾ ಕಂಡೆನ್ಸರ್ ಉಸಿರುಕಟ್ಟಿ ಪ್ರೆಶರ್ ಮಿತಿ ಮೀರುತ್ತಿದೆ. ಮಗ್ಗಿನ ನೀರಿನ ಪರೀಕ್ಷೆ ಇಲ್ಲೂ ಉತ್ತರ ಕೊಡುತ್ತದೆ.

ಏಸಿ ಒಳಗೆ ಸೇರುವ ಬಿಸಿನೀರು

ಇದನ್ನು ಹುಡುಕುವವರು ಕಡಿಮೆ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಡ್ಯಾಶ್‌ಬೋರ್ಡಿನ ಒಳಗೆ ಕೂಲಿಂಗ್ ಕಾಯಿಲ್ ಪಕ್ಕದಲ್ಲೇ ಹೀಟರ್ ಕಾಯಿಲ್ ಇರುತ್ತದೆ. ಎಂಜಿನ್ನಿನ ಕೂಲೆಂಟ್ (ಎಂಜಿನ್ ತಣಿಸಲು ರೇಡಿಯೇಟರ್‌ನಲ್ಲಿ ಸುತ್ತುವ ನೀರು) ಅದರೊಳಗೆ ಹರಿಯುತ್ತದೆ. ನಾಬ್ ನೀಲಿ ಕಡೆ ಇದ್ದಾಗ ಒಂದು ವಾಲ್ವ್ ಈ ಹರಿವನ್ನು ನಿಲ್ಲಿಸಬೇಕು, ಅಥವಾ ಒಂದು ಫ್ಲಾಪ್ ಗಾಳಿಯನ್ನು ಹೀಟರ್‌ನಿಂದ ದೂರ ತಿರುಗಿಸಬೇಕು.

ದಾವಣಗೆರೆ, ಚಿತ್ರದುರ್ಗದಲ್ಲಿ ಹೀಟರ್ ಯಾರು ಹಾಕುತ್ತಾರೆ? ವರ್ಷಗಟ್ಟಲೆ ನಾಬ್ ಅಲುಗದೆ ಕೇಬಲ್ ತುಕ್ಕು ಹಿಡಿಯುತ್ತದೆ, ವಾಲ್ವ್ ಅರ್ಧ ತೆರೆದ ಕಡೆಯೇ ಕಚ್ಚಿಕೊಳ್ಳುತ್ತದೆ. ಆಮೇಲೆ ಏಸಿ ತಣ್ಣಗೆ ಮಾಡಿದ ಗಾಳಿಯನ್ನು 80-90 ಡಿಗ್ರಿಯ ಕೂಲೆಂಟ್ ಮತ್ತೆ ಬಿಸಿ ಮಾಡಿ ಒಳಗೆ ಕಳಿಸುತ್ತದೆ. ಎಂಜಿನ್ ಚಾಲೂ ಮಾಡಿದ ಮೊದಲ ಐದು ನಿಮಿಷ ಏಸಿ ಚೆನ್ನಾಗಿದ್ದು, ಎಂಜಿನ್ ಬಿಸಿಯಾದಂತೆ ಸಪ್ಪೆ ಆಗುವ ಗಾಡಿಯಲ್ಲಿ ಮೊದಲು ಇದನ್ನೇ ನೋಡಿ.

ಪರೀಕ್ಷೆ ಹೀಗೆ. ಎಂಜಿನ್ ಬಿಸಿ ಇರಲಿ, ಏಸಿ ಓಡುತ್ತಿರಲಿ, ವೆಂಟಿನಲ್ಲಿ ಥರ್ಮಾಮೀಟರ್ ಇರಲಿ. ಬಾನೆಟ್ ಕೆಳಗೆ, ಎಂಜಿನ್ನಿನಿಂದ ಕ್ಯಾಬಿನ್ ಗೋಡೆಯೊಳಗೆ ಹೋಗುವ ಎರಡು ರಬ್ಬರ್ ಹೋಸ್ ಕಾಣುತ್ತವೆ. ಒಂದಕ್ಕೆ ದಪ್ಪ ಬಟ್ಟೆ ಸುತ್ತಿ ಲಾಕಿಂಗ್ ಪ್ಲೈಯರ್‌ನಿಂದ ಮೆಲ್ಲಗೆ ಒತ್ತಿ ಹರಿವು ನಿಲ್ಲಿಸಿ. ಐದು ನಿಮಿಷದಲ್ಲಿ ವೆಂಟಿನ ಬಿಸಿ ನಾಲ್ಕೈದು ಡಿಗ್ರಿ ಇಳಿದರೆ ಕಳ್ಳ ಸಿಕ್ಕಿದ. ಹೋಸ್ ಒಣಗಿ ಬಿರುಕು ಬಿಟ್ಟಿದ್ದರೆ ಮಾತ್ರ ಒತ್ತಬೇಡಿ, ಒಡೆದು ಕುದಿಯುವ ಕೂಲೆಂಟ್ ಮೈಮೇಲೆ ಹಾರುತ್ತದೆ. ಅಂಥ ಹೋಸನ್ನು ಮೊದಲು ಬದಲಾಯಿಸಿ.

ಪರಿಹಾರ ಸುಲಭ. ಕೇಬಲ್‌ಗೆ ಎಣ್ಣೆ ಬಿಟ್ಟು ಸಡಿಲಿಸಿ, ಅದರ ಕ್ಲಿಪ್ ಜಾರಿದ್ದರೆ ಸರಿಯಾದ ಜಾಗಕ್ಕೆ ಸಿಕ್ಕಿಸಿ. ವಾಲ್ವ್ ಒಳಗೆ ಪೊರೆ ಕಟ್ಟಿದ್ದರೆ ಹೊಸದು ಹಾಕಿಸಿ. ಹೀಟರ್ ಬೇಡವೇ ಬೇಡ ಅಂತ ಎರಡು ಹೋಸನ್ನೂ ಸೇರಿಸಿ ಬೈಪಾಸ್ ಮಾಡುವವರಿದ್ದಾರೆ. ಬೇಸಿಗೆಗೆ ನಡೆಯುತ್ತದೆ, ಆದರೆ ಮಳೆಗಾಲದಲ್ಲಿ ಗಾಜು ಮಂಜಾದಾಗ ಕಷ್ಟ. ವಾಲ್ವ್ ಹಾಕಿಸುವುದೇ ನನ್ನ ಮತ.

ಓಡಿದಷ್ಟೂ ಗಾಳಿ ಕಡಿಮೆ ಆಗುವುದು

ಒಂದು ಗಂಟೆ ಚೆನ್ನಾಗಿ ಓಡಿ, ಆಮೇಲೆ ಗಾಳಿ ಸಣ್ಣಗಾಗಿ, ಏಸಿ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಹಾಕಿದರೆ ಮತ್ತೆ ಸರಿಯಾಗುತ್ತದಾ? ಕೂಲಿಂಗ್ ಕಾಯಿಲ್ ಮೇಲೆ ಐಸ್ ಕಟ್ಟುತ್ತಿದೆ. ಕಾಯಿಲ್ ಸೊನ್ನೆ ಡಿಗ್ರಿಗೆ ಬರುವ ಮೊದಲು ಕಂಪ್ರೆಸರ್ ನಿಲ್ಲಿಸಲು ಅಲ್ಲೊಂದು ಥರ್ಮೋಸ್ಟಾಟ್ ಅಥವಾ ಸೆನ್ಸರ್ ಇರುತ್ತದೆ. ಅದು ಜಾಗ ಬಿಟ್ಟು ಜಾರಿರುತ್ತದೆ ಅಥವಾ ಕೆಟ್ಟಿರುತ್ತದೆ. ಕಾಯಿಲ್‌ನಲ್ಲಿ ದೂಳು ಕಟ್ಟಿ ಗಾಳಿ ಕಡಿಮೆಯಾದರೂ, ಗ್ಯಾಸ್ ಸ್ವಲ್ಪವೇ ಇಳಿದಿದ್ದರೂ ಐಸ್ ಕಟ್ಟುವುದುಂಟು. ದಾರಿಯಲ್ಲಿ ಹೀಗಾದರೆ ಏಸಿ ಬಟನ್ ಮಾತ್ರ ಆಫ್ ಮಾಡಿ ಬ್ಲೋವರ್ ಓಡಿಸಿ, ಐಸ್ ಕರಗುತ್ತದೆ.

ಈಗ ಗ್ಯಾಸ್

ಮೇಲಿನದೆಲ್ಲ ಸರಿ ಇದ್ದರೆ ಮಾತ್ರ ಗ್ಯಾಸ್ ಕಡೆ ಬನ್ನಿ. ಸೋರುವ ಜಾಗವನ್ನು ಹೆಚ್ಚಿನ ಸಲ ಕಣ್ಣಿನಿಂದಲೇ ಹಿಡಿಯಬಹುದು. ಗ್ಯಾಸಿನ ಜೊತೆ ಕಂಪ್ರೆಸರ್ ಎಣ್ಣೆಯೂ ಚೂರು ಹೊರಬರುತ್ತದೆ, ಅದಕ್ಕೆ ದೂಳು ಅಂಟಿ ಕಪ್ಪು ಜಿಡ್ಡಿನ ಕಲೆ ಆಗುತ್ತದೆ. ಪೈಪಿನ ಜಾಯಿಂಟ್‌ಗಳು, ಕಂಡೆನ್ಸರಿನ ಕೆಳಗಿನ ಮೂಲೆ, ಕಂಪ್ರೆಸರಿನ ಕ್ಲಚ್ ಹಿಂಭಾಗ, ಗ್ಯಾಸ್ ತುಂಬುವ ನಿಪ್ಪಲ್. ಅಂಥ ಕಲೆ ಕಂಡಲ್ಲಿ ಸೋಪಿನ ನೀರು ಹೊಡೆದು ಗುಳ್ಳೆ ಬರುತ್ತದಾ ನೋಡಿ. ನಿಪ್ಪಲ್ ಮೇಲಿನ ಪ್ಲಾಸ್ಟಿಕ್ ಮುಚ್ಚಳ ಕಳೆದುಹೋಗಿದ್ದರೆ ಹೊಸದು ಹಾಕಿ. ಕೂಲಿಂಗ್ ಕಾಯಿಲ್ ಡ್ಯಾಶ್ ಒಳಗಿರುವುದರಿಂದ ಕಾಣುವುದಿಲ್ಲ. ಹೊರಗೆ ಎಲ್ಲೂ ಸಿಗದಿದ್ದರೆ ಅನುಮಾನ ಅದರ ಮೇಲೆ.

ಗ್ಯಾಸ್ ತುಂಬುವ ಕೆಲಸವನ್ನು ಮಾತ್ರ ಏಸಿ ಮೆಕ್ಯಾನಿಕ್‌ಗೆ ಬಿಡಿ. ದ್ರವ ಗ್ಯಾಸ್ ಕಣ್ಣಿಗೆ ಹಾರಿದರೆ ದೃಷ್ಟಿ ಹೋಗಬಹುದು. ಗ್ಯಾಸಿನ ಕ್ಯಾನನ್ನು ತಪ್ಪಿ ಹೈ ಪ್ರೆಶರ್ ಕಡೆ ಜೋಡಿಸಿದರೆ ಅದು ಸಿಡಿಯಬಹುದು. ಆದರೆ ಅಲ್ಲಿ ಏನು ನಡೆಯಬೇಕು ಅನ್ನುವುದು ನಿಮಗೆ ಗೊತ್ತಿರಲಿ.

ಹಳೆ ಪಿಕಪ್‌ಗಳಲ್ಲಿ ಹೆಚ್ಚಿನವು ಓಡುವುದು ಆರ್-134ಎ ಗ್ಯಾಸಿನಲ್ಲಿ. ಬಾನೆಟ್ ಕೆಳಗಿನ ಸ್ಟಿಕ್ಕರ್‌ನಲ್ಲಿ ಯಾವ ಗ್ಯಾಸ್, ಎಷ್ಟು ಗ್ರಾಂ ಅಂತ ಬರೆದಿರುತ್ತದೆ. ಎಂಜಿನ್ ಆಫ್ ಇದ್ದು ಗಾಡಿ ತಣ್ಣಗಿರುವಾಗ, 30 ಡಿಗ್ರಿ ಹವೆಯಲ್ಲಿ, ಗ್ಯಾಸಿನ ಒತ್ತಡ ತೋರಿಸುವ ಗೇಜಿನ ಲೋ, ಹೈ ಎರಡೂ ಮುಳ್ಳು 95 ಪಿಎಸ್‌ಐ ಆಸುಪಾಸಿನಲ್ಲಿ ನಿಲ್ಲಬೇಕು. 50 ತೋರಿಸಿದರೆ ಗ್ಯಾಸ್ ಬಹಳ ಇಳಿದಿದೆ. 95 ತೋರಿಸಿದ ಮಾತ್ರಕ್ಕೆ ಪೂರ್ತಿ ಇದೆ ಅಂತಲ್ಲ, ಒಳಗೆ ಸ್ವಲ್ಪ ದ್ರವ ಇದ್ದರೂ ಅಷ್ಟೇ ತೋರಿಸುತ್ತದೆ.

ಏಸಿ ಓಡುವಾಗ, 35 ಡಿಗ್ರಿ ಬಿಸಿಲಲ್ಲಿ, ಲೋ ಕಡೆ (ಗ್ಯಾಸ್ ಕಂಪ್ರೆಸರಿಗೆ ವಾಪಸ್ ಬರುವ ಕಡೆ) ಸುಮಾರು 30ರಿಂದ 45, ಹೈ ಕಡೆ (ಒತ್ತಿಸಿಕೊಂಡು ಹೊರಡುವ ಕಡೆ) 200ರಿಂದ 250 ಪಿಎಸ್‌ಐ ಇದ್ದರೆ ಸರಿ. ಎರಡೂ ಕಡಿಮೆ ಇದ್ದರೆ ಗ್ಯಾಸ್ ಕಮ್ಮಿ. ಎರಡೂ ಜಾಸ್ತಿ ಇದ್ದರೆ ಕಂಡೆನ್ಸರ್‌ಗೆ ಗಾಳಿ ಇಲ್ಲ, ಇಲ್ಲವೇ ಗ್ಯಾಸ್ ಅತಿಯಾಗಿದೆ, ಇಲ್ಲವೇ ಒಳಗೆ ಗಾಳಿ ಸೇರಿದೆ. ಲೋ ಜಾಸ್ತಿ, ಹೈ ಕಡಿಮೆ ಇದ್ದರೆ ಕಂಪ್ರೆಸರ್ ಒತ್ತುತ್ತಿಲ್ಲ. ಲೋ ಮುಳ್ಳು ಸೊನ್ನೆಗಿಂತ ಕೆಳಗಿಳಿದು ವ್ಯಾಕ್ಯೂಮ್ ಕಡೆ ಹೋದರೆ ಎಕ್ಸ್‌ಪಾನ್ಷನ್ ವಾಲ್ವ್ (ಕೂಲಿಂಗ್ ಕಾಯಿಲ್ಲಿಗೆ ಗ್ಯಾಸ್ ಬಿಡುವ ಕಿರಿದಾದ ಬಾಯಿ) ಅಥವಾ ಡ್ರೈಯರ್ (ಗ್ಯಾಸಿನ ತೇವ ಹೀರುವ ಡಬ್ಬಿ) ಕಟ್ಟಿಕೊಂಡಿದೆ.

ಸೋರಿಕೆ ಸರಿಮಾಡಿದ ಮೇಲೆ ಕ್ರಮ ಹೀಗಿರಬೇಕು. ಮೊದಲು ನೈಟ್ರೋಜನ್ ತುಂಬಿ ಪ್ರೆಶರ್ ನಿಲ್ಲುತ್ತದಾ ನೋಡಬೇಕು. ಸಿಸ್ಟಮ್ ಬಿಚ್ಚಿದ್ದರೆ ಡ್ರೈಯರ್ ಮತ್ತು ಬಿಚ್ಚಿದ ಜಾಯಿಂಟಿನ ಓ-ರಿಂಗ್ ಹೊಸದು ಹಾಕಬೇಕು. ಆಮೇಲೆ ಕನಿಷ್ಠ ಅರ್ಧ ಗಂಟೆ ವ್ಯಾಕ್ಯೂಮ್ ಪಂಪ್ ಓಡಿಸಬೇಕು. ಪಂಪ್ ಆಫ್ ಮಾಡಿದ ಮೇಲೂ ಹತ್ತು ಹದಿನೈದು ನಿಮಿಷ ಮುಳ್ಳು ಅಲುಗಬಾರದು. ವ್ಯಾಕ್ಯೂಮ್ ಮಾಡದಿದ್ದರೆ ಒಳಗಿನ ತೇವ ಎಕ್ಸ್‌ಪಾನ್ಷನ್ ವಾಲ್ವ್‌ನಲ್ಲಿ ಐಸ್ ಆಗುತ್ತದೆ, ಎಣ್ಣೆಯ ಜೊತೆ ಸೇರಿ ಆಮ್ಲವೂ ಆಗುತ್ತದೆ. ಕೊನೆಗೆ ಗ್ಯಾಸನ್ನು ತೂಕ ಮಾಡಿ ತುಂಬಬೇಕು. 'ಪೈಪ್ ಮುಟ್ಟಿದರೆ ತಣ್ಣಗಾಯ್ತಲ್ಲ, ಸಾಕು' ಅನ್ನುವ ಅಂದಾಜಿನ ಕೆಲಸ ಬೇಡ. ಹೆಚ್ಚಾದರೂ ತಂಪು ಕಡಿಮೆಯೇ ಆಗುತ್ತದೆ.

ಎರಡು ವಿಷಯಕ್ಕೆ ಒಪ್ಪಲೇಬೇಡಿ. ಒಂದು, ಸೋರಿಕೆ ಮುಚ್ಚುವ ದ್ರವ. ಅದು ತೂತಿಗಿಂತ ಮೊದಲು ವಾಲ್ವನ್ನು ಮುಚ್ಚಬಹುದು. ಎರಡು, ಅಡುಗೆ ಗ್ಯಾಸ್ ಬೆರೆಸುವುದು. ಕೂಲಿಂಗ್ ಕಾಯಿಲ್ ಇರುವುದು ನೀವು ಕೂತ ಕ್ಯಾಬಿನ್ನಿನ ಒಳಗೆ. ಅಲ್ಲಿ ಸೋರಿ ಯಾರೋ ಬೀಡಿ ಹಚ್ಚಿದರೆ ಮುಗಿಯಿತು. ಉಳಿದ ಗ್ಯಾಸನ್ನು ಸುಮ್ನೆ ಗಾಳಿಗೆ ಬಿಡುವ ಅಭ್ಯಾಸವೂ ಒಳ್ಳೆಯದಲ್ಲ. ನೂರು ವರ್ಷದ ಲೆಕ್ಕದಲ್ಲಿ 1 ಕೆಜಿ ಆರ್-134ಎ ಭೂಮಿಯನ್ನು ಬಿಸಿ ಮಾಡುವುದು ಸುಮಾರು 1,400 ಕೆಜಿ ಕಾರ್ಬನ್ ಡೈಆಕ್ಸೈಡ್‌ನಷ್ಟು. ವಾಪಸ್ ಹಿಡಿದುಕೊಳ್ಳುವ ಯಂತ್ರ ಇರುವ ಕಡೆ ಹೋಗಿ.

ಹೀಟರ್ ಬಿಸಿ ಬರದಿದ್ದರೆ

ಊರಲ್ಲಿ ಬೇಕಾಗದಿದ್ದರೂ ಜನವರಿ ಬೆಳಿಗ್ಗೆ ಕೆಮ್ಮಣ್ಣುಗುಂಡಿ ಕಡೆಗೋ ಮಳೆಯಲ್ಲಿ ಆಗುಂಬೆ ಕಡೆಗೋ ಹೋದಾಗ ಇದರ ನೆನಪಾಗುತ್ತದೆ. ಮೊದಲು ತಣ್ಣನೆಯ ಎಂಜಿನ್ನಿನಲ್ಲಿ ಕೂಲೆಂಟ್ ಮಟ್ಟ ನೋಡಿ. ಕೂಲೆಂಟ್ ಕಡಿಮೆಯಾದರೆ ಹೀಟರ್ ಬೇಗ ಸೋಲುತ್ತದೆ.

ಆಮೇಲೆ ಎಂಜಿನ್ ಬಿಸಿ ಮಾಡಿ, ನಾಬ್ ಕೆಂಪು ಕಡೆ ಇಟ್ಟು, ಆ ಎರಡು ಹೋಸನ್ನು ಎಚ್ಚರದಿಂದ ಮುಟ್ಟಿ ನೋಡಿ. ಎರಡೂ ಬಿಸಿ ಇದ್ದರೆ ನೀರು ಹರಿಯುತ್ತಿದೆ, ತೊಂದರೆ ಫ್ಲಾಪ್‌ನಲ್ಲಿ ಅಥವಾ ಕೇಬಲ್‌ನಲ್ಲಿ. ಒಂದು ಬಿಸಿ, ಇನ್ನೊಂದು ತಣ್ಣಗಿದ್ದರೆ ವಾಲ್ವ್ ತೆರೆದಿಲ್ಲ ಅಥವಾ ಹೀಟರ್ ಕಾಯಿಲ್ ಕಟ್ಟಿದೆ. ಎರಡೂ ಉಗುರುಬೆಚ್ಚಗಿದ್ದರೆ ಎಂಜಿನ್ನೇ ಬಿಸಿಯಾಗುತ್ತಿಲ್ಲ. ನಮ್ಮ ಕಡೆ ಎಂಜಿನ್ ಹೀಟ್ ಆಗುತ್ತದೆ ಅಂತ ರೇಡಿಯೇಟರ್ ಹೋಸಿನ ಥರ್ಮೋಸ್ಟಾಟ್ ವಾಲ್ವನ್ನೇ ಕಿತ್ತು ಬಿಸಾಡುವ ಪದ್ಧತಿ ಇದೆ. ಆ ವಾಲ್ವ್ ಸುಮಾರು 80 ಡಿಗ್ರಿ ದಾಟುವ ತನಕ ಕೂಲೆಂಟನ್ನು ಎಂಜಿನ್ ಒಳಗೇ ಇಟ್ಟು ಬೇಗ ಬಿಸಿ ಮಾಡುತ್ತದೆ. ಅದಿಲ್ಲದೆ ಚಳಿಯಲ್ಲಿ ಹೀಟರ್ ಬರುವುದಿಲ್ಲ, ಡೀಸೆಲ್ ಕೂಡ ಜಾಸ್ತಿ ಕುಡಿಯುತ್ತದೆ. ಹೊಸದು ಹಾಕಿಸಿ. ಎಂಜಿನ್ ಹೀಟ್ ಆಗುತ್ತಿದ್ದರೆ ಅದರ ನಿಜವಾದ ಕಾರಣ ಹುಡುಕಿ.

ಹೀಟರ್ ಕಾಯಿಲ್ ಕಟ್ಟಲು ಮುಖ್ಯ ಕಾರಣ ರೇಡಿಯೇಟರ್‌ಗೆ ಸುರಿಯುವ ಬೋರ್‌ವೆಲ್ ನೀರು. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುವ ಊರಲ್ಲಿ ಅದೇ ಪೊರೆ ಹೀಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ಎರಡೂ ಹೋಸ್ ಬಿಚ್ಚಿ, ನೀರು ಹೊರಗೆ ಬರುವ ಕಡೆಯಿಂದ ನಲ್ಲಿ ನೀರನ್ನು ಮೆಲ್ಲಗೆ ಉಲ್ಟಾ ಬಿಟ್ಟು ತೊಳೆಯಿರಿ. ಪಂಕ್ಚರ್ ಅಂಗಡಿಯ ಏರ್ ಹಿಡಿದರೆ ಹಳೆ ಕಾಯಿಲ್ ಒಡೆಯುತ್ತದೆ. ಆಮೇಲೆ ಡಿಸ್ಟಿಲ್ಡ್ ವಾಟರ್ ಬೆರೆಸಿದ ಕೂಲೆಂಟ್ ಹಾಕಿ. ಗಾಡಿಯ ಮೂತಿಯನ್ನು ಏರಿನ ಕಡೆ ನಿಲ್ಲಿಸಿ, ಹೀಟರ್ ನಾಬ್ ಪೂರ್ತಿ ತೆರೆದು, ತಣ್ಣನೆಯ ಎಂಜಿನ್ನಿನಲ್ಲಿ ರೇಡಿಯೇಟರ್ ಮುಚ್ಚಳ ತೆಗೆದು ಚಾಲೂ ಮಾಡಿದರೆ ಒಳಗೆ ಸಿಕ್ಕಿದ ಗಾಳಿ ಗುಳ್ಳೆಯಾಗಿ ಹೊರಬರುತ್ತದೆ.

ಮಳೆಯಲ್ಲಿ ಮುಂದಿನ ಗಾಜು ಒಳಗಿನಿಂದ ಮಂಜಾದರೆ ಏಸಿ ಮತ್ತು ಹೀಟರ್ ಎರಡನ್ನೂ ಒಟ್ಟಿಗೆ ಹಾಕಿ, ಗಾಳಿಯನ್ನು ಗಾಜಿನ ಕಡೆ ತಿರುಗಿಸಿ. ಏಸಿ ಗಾಳಿಯ ತೇವ ಹೀರುತ್ತದೆ, ಹೀಟರ್ ಗಾಜನ್ನು ಬೆಚ್ಚಗಿಡುತ್ತದೆ. ಲಿವರ್ ಹೊರಗಿನ ಗಾಳಿ ಬರುವ ಕಡೆ ಇರಲಿ.

ಮ್ಯಾಟ್ ಒದ್ದೆ, ಕೆಟ್ಟ ವಾಸನೆ

ಏಸಿ ಓಡುವಾಗ ಗಾಡಿಯ ಕೆಳಗೆ ನೀರು ತೊಟ್ಟಿಕ್ಕುವುದು ಒಳ್ಳೆಯ ಲಕ್ಷಣ. ಆ ನೀರು ಎಡಗಡೆ ಸೀಟಿನ ಮ್ಯಾಟ್ ಮೇಲೆ ಬಿದ್ದರೆ ಹೊರಗೆ ಹೋಗುವ ಪೈಪು ಕಟ್ಟಿದೆ. ಕೆಳಗಿನಿಂದ ಮೃದುವಾದ ವೈರು ತೂರಿಸಿ ಬಿಡಿಸಿ. ನೀರು ಅಂಟಂಟಾಗಿದ್ದು, ಬಣ್ಣ ಇದ್ದು, ಸಿಹಿ ವಾಸನೆ ಬಂದರೆ ಅದು ಕೂಲೆಂಟ್, ಅಂದರೆ ಹೀಟರ್ ಕಾಯಿಲ್ ತೂತಾಗಿದೆ. ಗಾಜಿನ ಮೇಲೆ ಜಿಡ್ಡಿನ ಮಂಜು ಕೂರುವುದೂ ಅದೇ ಕಾರಣಕ್ಕೆ. ಇದನ್ನು ಮುಂದೂಡಬೇಡಿ, ಕೂಲೆಂಟ್ ಖಾಲಿಯಾಗಿ ಎಂಜಿನ್ ಕೂರುತ್ತದೆ. ಹುಳಿ ವಾಸನೆ ಮಾತ್ರ ಇದ್ದರೆ ಕಾಯಿಲ್ ತೊಳೆಸಿ, ಮುಂದೆ ಊರು ತಲುಪುವ ಎರಡು ಕಿಲೋಮೀಟರ್ ಮೊದಲೇ ಏಸಿ ಆಫ್ ಮಾಡಿ ಬ್ಲೋವರ್ ಮಾತ್ರ ಓಡಿಸಿ.

ಬಿಸಿಲಲ್ಲಿ ನಿಂತ ಗಾಡಿಗೆ ಹತ್ತಿದ ತಕ್ಷಣ ಏಸಿ ಮೇಲೆ ಭಾರ ಹಾಕಬೇಡಿ. ಎರಡು ನಿಮಿಷ ಕಿಟಕಿ ಇಳಿಸಿ ಓಡಿಸಿ, ಒಳಗಿನ ಕಾದ ಗಾಳಿ ಹೋಗಲಿ, ಆಮೇಲೆ ಕಿಟಕಿ ಮುಚ್ಚಿ ಒಳಗಿನ ಗಾಳಿಯೇ ಸುತ್ತುವ ಹಾಗೆ ಲಿವರ್ ಇಡಿ. ನವೆಂಬರ್‌ನಿಂದ ಫೆಬ್ರವರಿ ತನಕ ಏಸಿ ಬೇಡ ಅನಿಸಿದರೂ ವಾರಕ್ಕೊಮ್ಮೆ ಹತ್ತು ನಿಮಿಷ ಹಾಕಿ. ಕಂಪ್ರೆಸರಿನ ಶಾಫ್ಟ್ ಸೀಲ್‌ಗೆ ಎಣ್ಣೆ ತಲುಪುವುದು ಅದು ಓಡಿದಾಗ ಮಾತ್ರ. ಒಣಗಿದ ಸೀಲ್‌ನಿಂದಲೇ ಮಾರ್ಚಿಗೆ ಗ್ಯಾಸ್ ಇಳಿದಿರುತ್ತದೆ. ಅದೇ ಹತ್ತು ನಿಮಿಷದಲ್ಲಿ ಹೀಟರ್ ನಾಬನ್ನೂ ಒಂದು ಸಲ ಕೆಂಪಿನಿಂದ ನೀಲಿಗೆ, ನೀಲಿಯಿಂದ ಕೆಂಪಿಗೆ ತಿರುಗಿಸಿ ನೀಲಿಗೆ ತಂದು ಬಿಡಿ.